ಕಂಪ್ಯೂಟರ್ ಹೇಳಿದ ಪಾಲು

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಮಧ್ಯಾಹ್ನ ಮನೆಗೆ ಬಂದಳು. ಸಲಾಮ್ ಹೇಳಿ ಕುಳಿತವಳು ಚೀಲದಿಂದ ನಾಲ್ಕಾಗಿ ಮಡಚಿದ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟಳು. ಅವಳ ತಂದೆ ತೀರಿಕೊಂಡು ಐದು ತಿಂಗಳಾಗಿತ್ತು. ಉಮ್ಮನ ಇದ್ದತ್ ಮುಗಿದ ಮೇಲೆ ಅಣ್ಣಂದಿರು ಆಸ್ತಿ ಪಾಲಿನ ವಿಷಯ ಎತ್ತಿದ್ದರು.

ಹಾಳೆಯ ಮೇಲ್ಭಾಗದಲ್ಲಿ ಇಸ್ಲಾಮೀ ವಾರಸು ಲೆಕ್ಕ ಎಂಬ ತಲೆಬರಹ. ಕೆಳಗೆ ಒಟ್ಟು ಆಸ್ತಿ 24 ಲಕ್ಷ ರೂಪಾಯಿ. ಪತ್ನಿಗೆ 3 ಲಕ್ಷ. ತಾಯಿಗೆ, ಅಂದರೆ ಇವಳ ಅಜ್ಜಿಗೆ, 4 ಲಕ್ಷ. ಇಬ್ಬರು ಪುತ್ರರಿಗೆ ತಲಾ ಎಂಟೂವರೆ ಲಕ್ಷ. ಅಷ್ಟೇ.

"ಟೀಚರ್, ಇದು ಕಂಪ್ಯೂಟರ್ ಮಾಡಿದ ಲೆಕ್ಕ. ಮನುಷ್ಯರು ಪಕ್ಷಪಾತ ಮಾಡಬಹುದು, ಕಂಪ್ಯೂಟರ್ ಮಾಡುತ್ತದಾ ಎಂದು ದೊಡ್ಡಣ್ಣ ಕೇಳುತ್ತಾನೆ. ನನಗೆ ನಿಜವಾಗಿಯೂ ಪಾಲಿಲ್ಲವಾ?"

ಅನ್ನಿಸಾ ಅಧ್ಯಾಯವನ್ನು ನನ್ನ ಮುಂದೆಯೇ ಕುಳಿತು ಓದಿದವಳು ಅವಳು. ಹೆಣ್ಣು ಮಕ್ಕಳ ಪಾಲನ್ನು ಅಲ್ಲಾಹನೇ ನಿಗದಿಪಡಿಸಿದ್ದಾನೆಂದು ಬಾಯಿಪಾಠ ಹೇಳಬಲ್ಲಳು. ಆದರೂ ಅಚ್ಚಾದ ಹಾಳೆಯ ಮುಂದೆ ಅವಳ ಧೈರ್ಯ ಕುಸಿದಿತ್ತು. ನಮ್ಮ ಮನೆಗಳಲ್ಲಿ ಹಿಂದೆ "ಕಿತಾಬಿನಲ್ಲಿ ಇದೆ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಈಗ "ಕಂಪ್ಯೂಟರ್ ಹೇಳಿದೆ" ಎನ್ನುತ್ತಾರೆ. ಯಾವ ಕಿತಾಬು, ಯಾವ ಪುಟ ಎಂದು ಕೇಳಲು ಕಲಿತಂತೆ ಕಂಪ್ಯೂಟರ್ ಹೇಳುವುದೆಂದರೆ ಏನೆಂದು ತಿಳಿಯುವುದೂ ಹೆಣ್ಣು ಮಕ್ಕಳಿಗೆ ಅಗತ್ಯವಾಗಿದೆ. ಅದಕ್ಕೇ ಈ ಲೇಖನ.

ಮೊದಲ ಮಾತು: ಕಂಪ್ಯೂಟರ್ ಏನನ್ನೂ ಹೇಳುವುದಿಲ್ಲ. ಯಾರೋ ಬರೆದಿಟ್ಟ ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ಪಾಲಿಸುತ್ತದೆ. ಆ ಆಜ್ಞೆಗಳ ಸಾಲಿಗೇ ಪ್ರೋಗ್ರಾಮ್ ಎಂದು ಹೆಸರು. ವಾರಸು ಲೆಕ್ಕದ ಪ್ರೋಗ್ರಾಮಿನ ಒಂದು ಆಜ್ಞೆಯನ್ನು ನಮ್ಮ ಭಾಷೆಯಲ್ಲಿ ಬರೆದರೆ ಹೀಗಿರುತ್ತದೆ: ಮೃತರಿಗೆ ಮಕ್ಕಳಿದ್ದರೆ ಪತ್ನಿಗೆ ಎಂಟರಲ್ಲಿ ಒಂದು, ಇಲ್ಲದಿದ್ದರೆ ನಾಲ್ಕರಲ್ಲಿ ಒಂದು. ಫಿಕ್ಹ್ ಓದಿದವರಿಗೆ ಇದರಲ್ಲಿ ಹೊಸತೇನಿದೆ? ನಮಾಝಿನಲ್ಲಿ ಮೂರು ರಕಅತ್ ಆಯಿತೋ ನಾಲ್ಕೋ ಎಂಬ ಸಂಶಯ ಬಂದರೆ ಮೂರೆಂದೇ ಹಿಡಿದು ಇನ್ನೊಂದು ಪೂರ್ತಿಗೊಳಿಸಿ ಸಹ್‌ವಿನ ಸುಜೂದ್ ಮಾಡಬೇಕೆಂದು ಮಕ್ಕಳಿಗೆ ಕಲಿಸುತ್ತೇವೆ. "ಹೀಗಾದರೆ ಹಾಗೆ ಮಾಡು" ಎಂಬ ಮಾತು ಪ್ರೋಗ್ರಾಮಿನ ಬೆನ್ನೆಲುಬು. ಅದರ ಜೊತೆಗೆ ಇನ್ನೆರಡೇ ಸಂಗತಿ: ಆಜ್ಞೆಗಳ ಕ್ರಮ, ಮತ್ತು ಒಂದೇ ಕೆಲಸವನ್ನು ಇಷ್ಟು ಸಲ ಮಾಡು ಎಂಬ ಪುನರಾವರ್ತನೆ. ಮನೆಯ ಲೆಕ್ಕದಿಂದ ಹಿಡಿದು ವಿಮಾನ ಹಾರಿಸುವವರೆಗಿನ ಪ್ರೋಗ್ರಾಮುಗಳನ್ನು ಕಟ್ಟುವುದು ಈ ಮೂರರಿಂದಲೇ.

ಆದರೆ ಯಂತ್ರಕ್ಕೆ ಪತ್ನಿ ಎಂದರೇನು, ಮಕ್ಕಳೆಂದರೇನು ಎಂದು ತಿಳಿಯುವುದು ಹೇಗೆ? ತಿಳಿಯುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಅದೂ ಕೇವಲ ಸೊನ್ನೆ ಮತ್ತು ಒಂದು. ನಿಮ್ಮ ಮನೆಯ ಗೋಡೆಯಲ್ಲಿ ಐದು ಸ್ವಿಚ್ಚುಗಳು ಸಾಲಾಗಿವೆ ಎಂದಿಟ್ಟುಕೊಳ್ಳಿ. ಎಡದಿಂದ ಅವುಗಳ ಬೆಲೆ 16, 8, 4, 2, 1. ಮೊದಲ ಎರಡನ್ನು ಹಾಕಿ ಉಳಿದ ಮೂರನ್ನು ಆರಿಸಿದರೆ 16 ಮತ್ತು 8 ಸೇರಿ 24 ಆಯಿತು. ಇವಳ ತಂದೆಯ 24 ಲಕ್ಷವನ್ನೂ ಕಂಪ್ಯೂಟರ್ ಹೀಗೆಯೇ ಸ್ವಿಚ್ಚುಗಳಲ್ಲಿ ಇಟ್ಟುಕೊಳ್ಳುತ್ತದೆ. ಈ ಸ್ವಿಚ್ಚುಗಳಿಗೆ ಟ್ರಾನ್ಸಿಸ್ಟರ್ ಎನ್ನುತ್ತಾರೆ. ಇಂದಿನ ಮೊಬೈಲಿನ ಚಿಪ್ಪಿನಲ್ಲಿ ಅಂಥವು ನೂರಾರು ಕೋಟಿ ಇರುತ್ತವೆ.

ಅಕ್ಷರಗಳಿಗೂ ಸಂಖ್ಯೆಯೇ. ಕನ್ನಡದ 'ಅ' ಅಕ್ಷರಕ್ಕೆ 3205, ಅರಬಿಯ ಅಲಿಫ್‌ಗೆ 1575 ಎಂದು ಜಗತ್ತಿನ ಎಲ್ಲ ಕಂಪ್ಯೂಟರ್‌ಗಳಿಗೆ ಒಂದೇ ಪಟ್ಟಿ ಮಾಡಿಟ್ಟಿದ್ದಾರೆ. ಮದ್ರಸದಲ್ಲಿ ಕಲಿತ ನಮಗೆ ಇದು ಬೆರಗಿನ ಮಾತಲ್ಲ. ಅಲಿಫ್‌ಗೆ ಒಂದು, ಬಾಗೆ ಎರಡು, ಜೀಮ್‌ಗೆ ಮೂರು ಎಂಬ ಅಬ್ಜದ್ ಲೆಕ್ಕ ನಮಗೆ ಗೊತ್ತು. ಅಂಗಡಿಗಳ ಹಣೆಯಲ್ಲಿ ಕಾಣುವ 786 ಬಂದದ್ದು ಅಲ್ಲಿಂದಲೇ. (ಹಾಗೆ ಬರೆಯುವುದು ಸರಿಯೇ ಎಂಬ ಚರ್ಚೆ ಇಲ್ಲಿ ಬೇಡ.)

ಈ ಸಂಖ್ಯೆಗಳ ಮೇಲೆ ಪ್ರೊಸೆಸರ್ ಎಂಬ ಚಿಪ್ಪು ಮಾಡುವ ಕೆಲಸಗಳು ತೀರಾ ಸಣ್ಣವು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಂಖ್ಯೆ ಸಾಗಿಸುವುದು, ಕೂಡುವುದು, ಕಳೆಯುವುದು, ಎರಡನ್ನು ಹೋಲಿಸುವುದು. ಹೋಲಿಸುವುದೂ ಕಳೆದು ನೋಡಿಯೇ: ಉಳಿದದ್ದು ಸೊನ್ನೆಯಾದರೆ ಎರಡೂ ಸಮ. ಆ ಉತ್ತರವನ್ನು ನೋಡಿಕೊಂಡು ಮುಂದಿನ ಆಜ್ಞೆಗೆ ಹೋಗುತ್ತದೆ, ಇಲ್ಲವೇ ನಡುವಿನ ಕೆಲವು ಆಜ್ಞೆಗಳನ್ನು ಬಿಟ್ಟು ಬೇರೊಂದಕ್ಕೆ ಜಿಗಿಯುತ್ತದೆ. ಎಂಟರಲ್ಲಿ ಒಂದೋ ನಾಲ್ಕರಲ್ಲಿ ಒಂದೋ ಎಂಬುದು ನಿರ್ಧಾರವಾಗುವುದು ಆ ಜಿಗಿತದಲ್ಲಿ. ಅದು ನಮಗೆ ಜಾಣನಂತೆ ಕಾಣುವುದು ವೇಗದಿಂದ. ಸೆಕೆಂಡಿಗೆ ಇಂಥ ಕೋಟ್ಯಂತರ ಕೆಲಸಗಳನ್ನು ಅದು ಮಾಡಿ ಮುಗಿಸುತ್ತದೆ.

ಪ್ರೋಗ್ರಾಮ್ ಇರುವ ಜಾಗದ ಬಗ್ಗೆಯೂ ಒಂದು ಮಾತು. ಅಡುಗೆ ಕೋಣೆಯ ಕಪಾಟಿನಲ್ಲಿ ಎಲ್ಲ ಡಬ್ಬಿಗಳಿರುತ್ತವೆ. ಅಡುಗೆ ಮಾಡುವಾಗ ಬೇಕಾದವನ್ನು ಮಾತ್ರ ತೆಗೆದು ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟುಕೊಳ್ಳುತ್ತೇವೆ. ಹಾಗೆಯೇ ಪ್ರೋಗ್ರಾಮ್ ಯಾವಾಗಲೂ ಇರುವುದು ಕಪಾಟಿನಂಥ ಸಂಗ್ರಹದಲ್ಲಿ. ನಾವು ಬೆರಳಿಟ್ಟು ತೆರೆದಾಗ ಅದು ಕಟ್ಟೆಯಂಥ ತಾತ್ಕಾಲಿಕ ಮೆಮೊರಿಗೆ ಬರುತ್ತದೆ. ಕರೆಂಟು ಹೋದರೆ ಕಟ್ಟೆಯ ಮೇಲಿದ್ದದ್ದು ಮಾಯ, ಕಪಾಟಿನಲ್ಲಿದ್ದದ್ದು ಭದ್ರ. ಬರೆಯುತ್ತಿದ್ದ ಕಡತವನ್ನು ಆಗಾಗ ಸೇವ್ ಮಾಡಿ ಎಂದು ಕಂಪ್ಯೂಟರ್ ತರಗತಿಯಲ್ಲಿ ಹೇಳುವುದು ಇದಕ್ಕೇ.

ಸೊನ್ನೆ ಮತ್ತು ಒಂದರಲ್ಲಿ ಮನುಷ್ಯರು ಬರೆಯುತ್ತಾ ಕೂರಲು ಸಾಧ್ಯವೇ? ಮೊದಮೊದಲು ಅದಕ್ಕಿಂತಲೂ ಕಷ್ಟವಿತ್ತು. ಅಮೆರಿಕದಲ್ಲಿ 1946ರಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಕಂಪ್ಯೂಟರಿಗೆ ಪ್ರೋಗ್ರಾಮ್ ಹಾಕುವುದೆಂದರೆ ಕೇಬಲ್‌ಗಳನ್ನು ಕಿತ್ತು ಬೇರೆಡೆ ಚುಚ್ಚುವುದು, ಸ್ವಿಚ್ಚುಗಳನ್ನು ತಿರುಗಿಸುವುದು. ಆ ಕೆಲಸ ಮಾಡಿದವರು ಆರು ಮಂದಿ ಯುವತಿಯರು. ಅದಕ್ಕೂ ನೂರು ವರ್ಷ ಹಿಂದೆ, 1843ರಲ್ಲಿ, ಇನ್ನೂ ನಿರ್ಮಾಣವೇ ಆಗದಿದ್ದ ಲೆಕ್ಕದ ಯಂತ್ರವೊಂದಕ್ಕೆ ಆಜ್ಞೆಗಳ ಸಾಲನ್ನು ಪ್ರಕಟಿಸಿದವರು ಇಂಗ್ಲೆಂಡಿನ ಏಡಾ ಲವ್‌ಲೇಸ್. ನಮ್ಮಲ್ಲಿ ಇದು ಗಂಡು ಮಕ್ಕಳ ವಿದ್ಯೆ ಎಂಬ ಭಾವನೆ ಎಲ್ಲಿಂದ ಬಂತೋ ನನಗೆ ತಿಳಿಯದು.

ಬರೆಯುವ ಕಷ್ಟವನ್ನು ಕಡಿಮೆ ಮಾಡಿದವರಲ್ಲೂ ಮುಂಚೂಣಿಯಲ್ಲಿದ್ದವರು ಒಬ್ಬ ಮಹಿಳೆ. ಗಣಿತ ಪ್ರಾಧ್ಯಾಪಕಿಯಾಗಿದ್ದು ಬಳಿಕ ಅಮೆರಿಕದ ನೌಕಾಪಡೆ ಸೇರಿದ ಗ್ರೇಸ್ ಹಾಪರ್ 1952ರಲ್ಲಿ ಮೊದಲ ಕಂಪೈಲರ್‌ಗಳಲ್ಲಿ ಒಂದನ್ನು ರಚಿಸಿದರು. ಕಂಪೈಲರ್ ಎಂದರೆ ಅನುವಾದಕ. ಮನುಷ್ಯರು ತಮಗೆ ಅರ್ಥವಾಗುವ ಪದಗಳಲ್ಲಿ ಆಜ್ಞೆ ಬರೆದರೆ ಅದನ್ನು ಯಂತ್ರದ ಸಂಖ್ಯೆಗಳಿಗೆ ಬದಲಾಯಿಸಿಕೊಡುವ ಇನ್ನೊಂದು ಪ್ರೋಗ್ರಾಮ್ ಅದು. ಪುಸ್ತಕವನ್ನು ಪೂರ್ತಿ ಅನುವಾದಿಸಿ ಕೈಗೆ ಕೊಡುವವರಿದ್ದಾರೆ. ಭಾಷಣವನ್ನು ಸಾಲುಸಾಲಾಗಿ ಅಲ್ಲೇ ಅನುವಾದಿಸುತ್ತಾ ಹೋಗುವವರೂ ಇದ್ದಾರೆ. ಕಂಪ್ಯೂಟರ್ ಲೋಕದಲ್ಲೂ ಈ ಎರಡು ಬಗೆ ಉಂಟು. ಎರಡನೆಯದನ್ನು ಇಂಟರ್‌ಪ್ರಿಟರ್ ಎನ್ನುತ್ತಾರೆ.

ಪ್ರೋಗ್ರಾಮ್ ತಯಾರಾಗುವುದು ಹೇಗೆಂದು ನಾನು ಕಂಡದ್ದು ನನ್ನ ಅಕ್ಕನ ಮಗನಿಂದ. ಅವನು ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಬಂದಾಗ "ಚಿಕ್ಕಮ್ಮಾ, ನೀವು ವಾರಸಿನ ನಿಯಮ ಹೇಳಿ, ನಾನು ಪ್ರೋಗ್ರಾಮ್ ಬರೆಯುತ್ತೇನೆ" ಎಂದ. ಒಂದು ಸಂಜೆಯ ಕೆಲಸ ಎಂದುಕೊಂಡಿದ್ದೆವು. ನಾಲ್ಕು ದಿನ ಹಿಡಿಯಿತು.

ಮೊದಲ ದಿನ ಅವನು ಕಂಪ್ಯೂಟರನ್ನು ತೆರೆಯಲೇ ಇಲ್ಲ. ಪೆನ್ನು ಹಿಡಿದು ಪ್ರಶ್ನೆ ಕೇಳಿದ. ಆಸ್ತಿ ಕೈಗೆ ಬಂದ ಕೂಡಲೇ ಪಾಲು ಮಾಡುವುದೋ? ಇಲ್ಲ. ಮೊದಲು ಮಯ್ಯಿತ್ ಸಂಸ್ಕಾರದ ಖರ್ಚು, ನಂತರ ಸಾಲ, ನಂತರ ವಸಿಯ್ಯತ್ ಇದ್ದರೆ ಅದು, ಉಳಿದದ್ದು ವಾರಸುದಾರರಿಗೆ. ಕ್ರಮ ಹಿಂದುಮುಂದಾದರೆ ಏನಾಗುತ್ತದೆ ಎಂದ. ಕೂಡಿ ಕಳೆದು ತೋರಿಸಿದೆ. 30 ಲಕ್ಷದ ಆಸ್ತಿ, 6 ಲಕ್ಷ ಸಾಲ, ವಾರಸುದಾರರಲ್ಲದ ಒಬ್ಬರಿಗೆ ಮೂರರಲ್ಲಿ ಒಂದಂಶದ ವಸಿಯ್ಯತ್. ಸಾಲ ಮೊದಲು ತೀರಿಸಿದರೆ ಉಳಿದ 24ರಲ್ಲಿ ವಸಿಯ್ಯತ್ 8 ಲಕ್ಷ, ವಾರಸುದಾರರಿಗೆ 16 ಲಕ್ಷ. ವಸಿಯ್ಯತ್ ಮೊದಲು ಕೊಟ್ಟರೆ ಅದು 10 ಲಕ್ಷವಾಗಿ, ಸಾಲ ಕಳೆದು ವಾರಸುದಾರರಿಗೆ ಉಳಿಯುವುದು 14. ಎರಡು ಲಕ್ಷದ ವ್ಯತ್ಯಾಸ, ಬರೇ ಎರಡು ಸಾಲುಗಳ ಜಾಗ ಬದಲಾದದ್ದಕ್ಕೆ! ಕುರ್‌ಆನಿನ ಸೂಕ್ತದಲ್ಲಿ ವಸಿಯ್ಯತ್ತಿನ ಮಾತು ಸಾಲಕ್ಕಿಂತ ಮೊದಲು ಬರುತ್ತದೆ. ಆದರೆ ಪ್ರವಾದಿ(ಸ)ಯವರು ಸಾಲವನ್ನೇ ಮೊದಲು ತೀರಿಸುವಂತೆ ತೀರ್ಪು ನೀಡಿದ್ದರೆಂದು ಅಲೀ(ರ) ತಿಳಿಸಿದ್ದಾರೆ. ಅನುವಾದವನ್ನು ಮಾತ್ರ ಮುಂದಿಟ್ಟುಕೊಂಡು ಪ್ರೋಗ್ರಾಮ್ ಬರೆಯುವವನು ಇಲ್ಲಿಯೇ ಎಡವುತ್ತಾನೆ.

ಎರಡನೇ ದಿನ ಎಡವಿದ್ದು ನಾವೇ. ಗಂಡು ಮಕ್ಕಳಿಲ್ಲದೆ ಒಬ್ಬಳೇ ಮಗಳಿದ್ದರೆ ಅರ್ಧ ಪಾಲು. ಸೂಕ್ತದ ಅನುವಾದದಲ್ಲಿ "ಇಬ್ಬರಿಗಿಂತ ಹೆಚ್ಚು" ಹೆಣ್ಣು ಮಕ್ಕಳಿದ್ದರೆ ಮೂರನೇ ಎರಡಂಶ ಎಂದಿರುವುದನ್ನು ನೋಡಿ ಹುಡುಗ ಹಾಗೆಯೇ ಬರೆದುಬಿಟ್ಟ. ಸರಿಯಾಗಿ ಇಬ್ಬರೇ ಹೆಣ್ಣು ಮಕ್ಕಳಿರುವ ಮನೆಯ ಲೆಕ್ಕ ಹಾಕಿದಾಗ ಪ್ರೋಗ್ರಾಮ್ ಅವರಿಗೆ ಏನೂ ಕೊಡಲಿಲ್ಲ. ಯಂತ್ರಕ್ಕೆ ಒಬ್ಬಳ ಆಜ್ಞೆ ಇತ್ತು, ಮೂವರ ಆಜ್ಞೆ ಇತ್ತು, ಇಬ್ಬರದ್ದು ಇರಲಿಲ್ಲ.

ನಾನು ಅವನಿಗೆ ಸಅದ್ ಬಿನ್ ರಬೀಅ್(ರ)ರ ಮನೆಯ ಘಟನೆ ಹೇಳಿದೆ. ಅವರು ಉಹುದ್ ಯುದ್ಧದಲ್ಲಿ ಹುತಾತ್ಮರಾದರು. ಅವರ ಆಸ್ತಿಯನ್ನೆಲ್ಲ ಅವರ ಸಹೋದರನೇ ತೆಗೆದುಕೊಂಡರು. ವಿಧವೆ ತನ್ನ ಇಬ್ಬರು ಹೆಣ್ಣು ಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ಯವರ ಬಳಿಗೆ ಬಂದು ದೂರಿತ್ತರು. ವಾರಸಿನ ಸೂಕ್ತ ಅವತೀರ್ಣವಾದ ಬಳಿಕ ಪ್ರವಾದಿ(ಸ) ಆ ಸಹೋದರನನ್ನು ಕರೆಸಿ, ಇಬ್ಬರು ಹೆಣ್ಣು ಮಕ್ಕಳಿಗೆ ಮೂರನೇ ಎರಡಂಶ, ವಿಧವೆಗೆ ಎಂಟನೇ ಒಂದಂಶ ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳಲು ಆದೇಶಿಸಿದರು. ಅಂದರೆ 24 ಪಾಲಿನಲ್ಲಿ ಮಕ್ಕಳಿಗೆ 16, ವಿಧವೆಗೆ 3, ಸಹೋದರನಿಗೆ 5. ಹುಡುಗ ಒಂದು ಚಿಹ್ನೆಯನ್ನು ತಿದ್ದಿದ. "ಎರಡಕ್ಕಿಂತ ಹೆಚ್ಚು" ಎಂಬುದು "ಎರಡು ಅಥವಾ ಹೆಚ್ಚು" ಎಂದಾಯಿತು. ಆ ತಾಯಿ ಅಂದು ಪ್ರವಾದಿ(ಸ)ಯವರ ಬಾಗಿಲಿಗೆ ಬಂದದ್ದರ ಪ್ರಯೋಜನ ನಮ್ಮ ಪ್ರೋಗ್ರಾಮಿಗೂ ಸಿಕ್ಕಿತು.

ಹೀಗೆ ಪ್ರೋಗ್ರಾಮಿನಲ್ಲಿ ಉಳಿಯುವ ತಪ್ಪಿಗೆ ಬಗ್ ಎನ್ನುತ್ತಾರೆ, ಹುಳ ಎಂದರ್ಥ. 1947ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕಂಪ್ಯೂಟರೊಂದು ಕೆಟ್ಟಾಗ ಒಳಗೆ ನಿಜವಾಗಿಯೂ ಒಂದು ಪತಂಗ ಸಿಕ್ಕಿಕೊಂಡಿತ್ತು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟರು. ಆದರೆ ಆ ಪದ ಅದಕ್ಕಿಂತ ಮೊದಲೇ ಬಳಕೆಯಲ್ಲಿತ್ತು.

ಮೂರನೇ ದಿನ ನಾನು ಬೇಕೆಂದೇ ಒಂದು ಕಠಿಣ ಲೆಕ್ಕ ಕೊಟ್ಟೆ. ಪತ್ನಿ, ಇಬ್ಬರು ಹೆಣ್ಣು ಮಕ್ಕಳು, ತಂದೆ, ತಾಯಿ. ಆಸ್ತಿ 24 ಲಕ್ಷ. ಪ್ರೋಗ್ರಾಮ್ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಟ್ಟಿತು: ಪತ್ನಿಗೆ 3, ಹೆಣ್ಣು ಮಕ್ಕಳಿಗೆ 16, ತಂದೆಗೆ 4, ತಾಯಿಗೆ 4. ಕೂಡಿಸಿ ನೋಡು ಎಂದೆ. ಇಪ್ಪತ್ತೇಳು! ಇಲ್ಲದ ಮೂರು ಲಕ್ಷವನ್ನು ಅದು ಹಂಚಿಬಿಟ್ಟಿತ್ತು, ಯಾವ ಅಳುಕೂ ಇಲ್ಲದೆ. ಹತ್ತು ವರ್ಷದ ಮಗುವಾದರೂ ಕೂಡಿಸಿ ನೋಡಿದರೆ ತಡವರಿಸುತ್ತಿತ್ತು. ಯಂತ್ರಕ್ಕೆ ಕೂಡಿಸಿ ನೋಡು ಎಂದು ನಾವು ಹೇಳಿರಲಿಲ್ಲ.

ಇಂಥ ಸಂದರ್ಭಕ್ಕೆ ನಮ್ಮ ಶಾಸ್ತ್ರದಲ್ಲಿ ಔಲ್ ಎಂಬ ಪರಿಹಾರವಿದೆ. ಖಲೀಫಾ ಉಮರ್(ರ)ರ ಕಾಲದಲ್ಲಿ ಅದು ಜಾರಿಗೆ ಬಂತು. ಪಾಲುಗಳ ಮೊತ್ತ 24ನ್ನು ಮೀರಿ 27 ಆದರೆ ಆಸ್ತಿಯನ್ನೇ 27 ಭಾಗ ಮಾಡುವುದು. ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಹಝ್ರತ್ ಅಲೀ(ರ) ಮಿಂಬರಿನ ಮೇಲಿದ್ದಾಗ ಇದೇ ಪ್ರಶ್ನೆ ಬಂದು, ಪತ್ನಿಯ ಎಂಟನೇ ಒಂದು ಪಾಲು ಒಂಬತ್ತನೇ ಒಂದಾಯಿತೆಂದು ನಿಂತಲ್ಲೇ ಉತ್ತರಿಸಿದರೆಂದು ಗ್ರಂಥಗಳು ಹೇಳುತ್ತವೆ. 27ರಲ್ಲಿ 3 ಎಂದರೆ ಒಂಬತ್ತರಲ್ಲಿ ಒಂದೇ ತಾನೇ. ಆದ್ದರಿಂದಲೇ ಈ ಲೆಕ್ಕಕ್ಕೆ ಮಿಂಬರಿಯ್ಯಃ ಎಂಬ ಹೆಸರು. ಹುಡುಗ ಇನ್ನೆರಡು ಸಾಲು ಸೇರಿಸಿದ. ನಾಲ್ಕನೇ ದಿನ ಪೂರ್ತಿ ಹಳೆಯ ಕಿತಾಬುಗಳಲ್ಲಿರುವ ಲೆಕ್ಕಗಳನ್ನು ಒಂದೊಂದಾಗಿ ಕೊಟ್ಟು ಉತ್ತರ ಹೊಂದಿಸಿ ನೋಡಿದೆವು. ಇದನ್ನು ಅವರ ಭಾಷೆಯಲ್ಲಿ ಟೆಸ್ಟಿಂಗ್ ಎನ್ನುತ್ತಾರೆ. ದೊಡ್ಡ ಕೆಲಸಗಳಲ್ಲಿ ಇದಕ್ಕೆಂದೇ ಬೇರೆ ಜನರಿರುತ್ತಾರೆ. ಬರೆದವನ ಕಣ್ಣಿಗೆ ತನ್ನ ತಪ್ಪು ಬೇಗ ಕಾಣುವುದಿಲ್ಲವಂತೆ.

ಕೆಲಸ ಮುಗಿದಾಗ ಹುಡುಗನಿಗೆ ಖ್ವಾರಿಝ್ಮಿಯವರ ವಿಷಯ ಹೇಳಿದೆ. ಖಲೀಫಾ ಮಅ್‌ಮೂನರ ಕಾಲದಲ್ಲಿ ಬಗ್ದಾದಿನಲ್ಲಿದ್ದ ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮಿ ಬರೆದ ಅಲ್ ಜಬ್ರ್ ಕೃತಿಯಿಂದಲೇ ಆಲ್ಜೀಬ್ರಾ ಎಂಬ ಪದ ಹುಟ್ಟಿತು. ಅವರ ಹೆಸರೇ ಲ್ಯಾಟಿನ್ ಭಾಷೆಗೆ ಹೋಗಿ ಸವೆದು ಅಲ್ಗಾರಿದಮ್ ಆಯಿತು. ಪ್ರೋಗ್ರಾಮಿನ ಹಿಂದಿರುವ ಹಂತ ಹಂತದ ಕ್ರಮಕ್ಕೆ ಇಂದು ಹೇಳುವ ಪದ ಅದೇ. ಆ ಕೃತಿಯ ದೊಡ್ಡ ಭಾಗ ಇರುವುದು ವಸಿಯ್ಯತ್ ಮತ್ತು ವಾರಸಿನ ಲೆಕ್ಕಗಳ ಬಗ್ಗೆ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಕಂಪ್ಯೂಟರನ್ನು ನಮ್ಮವರೇ ಕಂಡುಹಿಡಿದರು ಎಂದು ವೇದಿಕೆಗಳಲ್ಲಿ ಹೇಳುವವರಿದ್ದಾರೆ. ಅದು ಸರಿಯಲ್ಲ, ಅಂಥ ಹೆಮ್ಮೆಯಿಂದ ಹೊಟ್ಟೆಯೂ ತುಂಬುವುದಿಲ್ಲ. ಮನೆಮನೆಯ ಪಾಲಿನ ತಗಾದೆ ಬಗೆಹರಿಸಲು ಅವರು ಗಣಿತಕ್ಕೆ ಕೈಹಾಕಿದರು. ನನಗೆ ಇಷ್ಟವಾದದ್ದು ಅದು.

ಒಂದೇ ಕೆಲಸದ ಎರಡು ಪ್ರೋಗ್ರಾಮುಗಳು ಬೇರೆ ಬೇರೆ ಉತ್ತರ ಕೊಡುವುದನ್ನು ನೀವೂ ಕಂಡಿರಬಹುದು. ಗಲ್ಫಿನಿಂದ ಬಂದವರ ಮೊಬೈಲಿನಲ್ಲಿ ಇಶಾ ಅಝಾನ್ ನಮ್ಮ ಮಸೀದಿಗಿಂತ ಹದಿನೈದು ನಿಮಿಷದಷ್ಟು ತಡವಾಗಿ ಕೇಳಿಸುವುದುಂಟು. ಸೌದಿಯ ಉಮ್ಮುಲ್ ಕುರಾ ಲೆಕ್ಕದಲ್ಲಿ ಇಶಾ ಮಗ್ರಿಬ್ ಆಗಿ 90 ನಿಮಿಷಕ್ಕೆ, ರಮಝಾನಿನಲ್ಲಿ 120 ನಿಮಿಷಕ್ಕೆ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿಯುವುದನ್ನು ಹಿಡಿಯುವ ಲೆಕ್ಕ ಬೇರೆ. ಅಸರ್‌ಗೆ ಶಾಫಿಈ, ಹನಫೀ ಎಂಬ ಆಯ್ಕೆಯೂ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಮೊಬೈಲ್ ಕೆಟ್ಟಿಲ್ಲ, ಅದಕ್ಕೆ ಹೇಳಿಕೊಟ್ಟ ನಿಯಮ ಬೇರೆ.

ಇತ್ತೀಚೆಗೆ ಕೆಲವರು ಇಂಥ ಪ್ರಶ್ನೆಗಳನ್ನು ಕೃತಕ ಬುದ್ಧಿಮತ್ತೆಯ ಪ್ರೋಗ್ರಾಮುಗಳಿಗೂ ಕೇಳುತ್ತಿದ್ದಾರೆ. ಅವುಗಳಿಗೆ ಯಾರೂ ವಾರಸಿನ ನಿಯಮಗಳನ್ನು ಸಾಲುಸಾಲಾಗಿ ಬರೆದಿಟ್ಟಿರುವುದಿಲ್ಲ. ಅಪಾರ ಬರಹಗಳಿಂದ ಪದಗಳ ಹೊಂದಾಣಿಕೆಯನ್ನು ಕಲಿತು ಅವು ಉತ್ತರ ಹೆಣೆಯುತ್ತವೆ. ಉತ್ತರ ಸರಿಯಿರಬಹುದು, ತಪ್ಪಿರಬಹುದು. ಭಾಷೆ ಮಾತ್ರ ಎರಡು ಸಲವೂ ಅಷ್ಟೇ ಸುಲಲಿತ.

ಈಗ ಆ ಹಾಳೆಗೆ ಬರೋಣ. ಅವಳು ತಂದ ಹಾಳೆಯ ಪ್ರೋಗ್ರಾಮಿನಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಎಂಟರಲ್ಲಿ ಒಂದು ಸರಿ, ಆರರಲ್ಲಿ ಒಂದು ಸರಿ, ಉಳಿದದ್ದನ್ನು ಪುತ್ರರಿಗೆ ಹಂಚಿದ್ದೂ ಸರಿ. ಹಾಳೆಯ ತೀರಾ ಕೆಳಗೆ ಸಣ್ಣ ಅಕ್ಷರಗಳಲ್ಲಿ, ತುಂಬಿಸಿದ ವಿವರಗಳೆಂದು ಒಂದು ಸಾಲಿತ್ತು. ಪತ್ನಿ 1, ತಾಯಿ 1, ಪುತ್ರರು 2, ಪುತ್ರಿಯರು 0.

ಅವಳು ಆ ಸೊನ್ನೆಯನ್ನು ಬಹಳ ಹೊತ್ತು ನೋಡಿದಳು. "ಮದುವೆಗೆ ಚಿನ್ನ ಕೊಟ್ಟಾಗಿದೆ ಎಂದು ಹಾಗೆ ಹಾಕಿರಬೇಕು" ಎಂದಳು. ಬದುಕಿರುವಾಗ ಕೊಟ್ಟದ್ದು ಕೊಡುಗೆ, ವಾರಸಿನ ಹಕ್ಕು ಹುಟ್ಟುವುದು ಮರಣದ ನಂತರ, ಒಂದರಿಂದ ಇನ್ನೊಂದು ಅಳಿಯುವುದಿಲ್ಲ ಎಂದು ವಿವರಿಸಿದೆ. ಪ್ರೋಗ್ರಾಮಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ. ಸೊನ್ನೆ ಎಂದು ಹೇಳಿದಾಗ ಅದು ಅವಳನ್ನು ಹುಡುಕಿಕೊಂಡು ಬರುವುದಿಲ್ಲ.

ಅವಳದೇ ಮೊಬೈಲಿನಲ್ಲಿ ಪುತ್ರಿಯರ ಜಾಗದಲ್ಲಿ ಒಂದು ಎಂದು ಒತ್ತಲು ಹೇಳಿದೆ. ಉಮ್ಮ ಮತ್ತು ಅಜ್ಜಿಯ ಪಾಲು ಹಾಗೆಯೇ ಉಳಿಯಿತು. ಉಳಿದ 17 ಲಕ್ಷ ಐದು ಭಾಗವಾಗಿ ಅಣ್ಣಂದಿರಿಗೆ ತಲಾ 6 ಲಕ್ಷ 80 ಸಾವಿರ, ಅವಳಿಗೆ 3 ಲಕ್ಷ 40 ಸಾವಿರ. ಕಾಗದದ ಮೇಲೂ ಬರೆದು ಕೂಡಿಸಿಕೋ ಎಂದೆ. ಕೂಡಿಸಿದಳು. 24 ಬಂತು.

ಹಾಳೆ ಮಡಚಲು ಹೊರಟವಳನ್ನು ತಡೆದು ಇನ್ನೊಂದು ಸಾಲು ತೋರಿಸಿದೆ. ಸಾಲ: 0 ಎಂದಿತ್ತು. "ನಿನ್ನ ಉಮ್ಮನ ಮಹ್ರ್ ಪೂರ್ತಿ ಸಂದಿದೆಯಾ?" ಎಂದು ಕೇಳಿದೆ. ಸಲ್ಲದ ಮಹ್ರ್ ಗಂಡನ ಮೇಲಿನ ಸಾಲ. ಪಾಲು ಮಾಡುವ ಮೊದಲು ಅದು ತೀರಬೇಕು. ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ಉಮ್ಮನಿಗೆ ಫೋನ್ ಮಾಡಿದಳು. ನಿಕಾಹ್‌ನಲ್ಲಿ ಐದು ಪವನ್ ಎಂದು ಬರೆದು ಎರಡು ಪವನ್ ಕೊಟ್ಟಿದ್ದರು, ಉಳಿದದ್ದು ಹಾಗೆಯೇ ಇದೆ ಎಂದು ಆ ಕಡೆಯಿಂದ ಉತ್ತರ ಬಂತು.

"ಅಣ್ಣಂದಿರಿಗೆ ಯಾಕೆ ಹೇಳಲಿಲ್ಲ ಉಮ್ಮಾ?"

"ಅವರು ಕೇಳಲಿಲ್ಲವಲ್ಲ ಮಗಳೇ."